ಫೋಟೊ ತಿರುಗಿಸಿ ನೋಡಿದಿರಾ?

ಪ್ರಶ್ನೆ: ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಒಂದು ಸಾಗವಾನಿ ಪೆಟ್ಟಿಗೆ ಕೊಂಡೆ. ಅದರ ತಳದಲ್ಲಿ ಕಟ್ಟು ಹಾಕಿಸಿದ ಎರಡು ಫೋಟೊ ಮತ್ತು ಬಿಡಿ ಫೋಟೊಗಳ ಒಂದು ಗಂಟು ಸಿಕ್ಕಿತು. ಮದುವೆಯ ಜೋಡಿ, ರುಮಾಲು ಸುತ್ತಿದ ಹಿರಿಯರು, ಜವಳದ ಕೂಸು ಎಲ್ಲ ಇದ್ದಾರೆ. ಒಂದರ ಮೇಲೆ ‘ಬಾಗಲಕೋಟ, ಜಿ. ವಿಜಾಪುರ’ ಎಂದು ಸ್ಟುಡಿಯೊ ಮುದ್ರೆ ಇದೆ. ಪೆಟ್ಟಿಗೆ ಯಾರ ಮನೆಯದೆಂದು ಅಂಗಡಿಯವರಿಗೂ ಗೊತ್ತಿಲ್ಲ. ಇವನ್ನು ಆ ಮನೆಯವರಿಗೆ ಮುಟ್ಟಿಸುವ ಆಸೆ. ವಾಟ್ಸಾಪ್ ಗುಂಪುಗಳಿಗೆ ಹಾಕಲೇ?
— ಪ್ರಾಥಮಿಕ ಶಾಲಾ ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಅಕ್ಕೋರೇ, ಆ ಪೆಟ್ಟಿಗೆ ನಿಮ್ಮ ಕೈಗೆ ಸಿಕ್ಕದ್ದು ಆ ಮನೆಯವರ ಪುಣ್ಯ. ಗುಜರಿಯಲ್ಲಿ ಬೆಲೆ ಇರುವುದು ಚೌಕಟ್ಟಿನ ಕಟ್ಟಿಗೆಗೆ, ಗಾಜಿಗೆ. ಒಳಗಿನ ಮುಖಗಳು ರದ್ದಿಗೆ ಹೋಗುತ್ತವೆ. ವಾಟ್ಸಾಪಿಗೆ ಈಗಲೇ ಹಾಕಬೇಡಿ, ಮೊದಲು ಒಂದೊಂದನ್ನೂ ತಿರುಗಿಸಿ ನೋಡಿ.

ನನ್ನ ಅಪ್ಪ ಹಳೇ ಬಾಗಲಕೋಟೆಯಲ್ಲಿ ಸ್ಟುಡಿಯೊ ಇಟ್ಟಿದ್ದರು. ಶಾಲೆ ಬಿಟ್ಟ ಮೇಲೆ ಕಟ್ಟು ಹಾಕುವುದು ನನ್ನ ಪಾಲಿನ ಕೆಲಸ. ಹಾಗಾಗಿ ಕಟ್ಟಿನ ಬೆನ್ನ ಹಿಂದೆ ಏನೇನು ಸೇರಿಕೊಂಡಿರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಕಟ್ಟನ್ನು ಬೋರಲು ಮಲಗಿಸಿ. ಅಂಚಿಗೆ ಅಂಟಿಸಿದ ಖಾಕಿ ಕಾಗದವನ್ನು ಬ್ಲೇಡಿನಿಂದ ಕೊಯ್ದು, ಸಣ್ಣ ಮೊಳೆಗಳನ್ನು ಮೆಲ್ಲಗೆ ಹೊರಳಿಸಿ ತೆಗೆಯಿರಿ. ರಟ್ಟಿನ ಹಿಂದೆ ಸಂದು ತುಂಬಲು ಹಳೆಯ ಪೇಪರು, ಕ್ಯಾಲೆಂಡರ್ ಹಾಳೆ, ಕೆಲವೊಮ್ಮೆ ಲಗ್ನಪತ್ರಿಕೆಯನ್ನೇ ಮಡಿಸಿ ಇಡುತ್ತಿದ್ದೆವು. ಪೇಪರಿನ ತಾರೀಖು ಸಿಕ್ಕರೆ ಕಟ್ಟು ಹಾಕಿದ್ದು ಅದಕ್ಕಿಂತ ಮೊದಲಲ್ಲ ಎಂದು ಖಾತ್ರಿ. ಇನ್ನೊಂದು ಮಾತು: ಜನ ಹೊಸ ಫೋಟೊ ತಂದು ‘ಹಳೇ ಕಟ್ಟಿಗೇ ಹಾಕ್ರಿ’ ಎನ್ನುತ್ತಿದ್ದರು, ಹಳೆಯದನ್ನು ಬಿಸಾಡಲು ಮನಸ್ಸಾಗದೆ ಅಪ್ಪ ಅದನ್ನು ಹೊಸದರ ಹಿಂದೆಯೇ ಇಡುತ್ತಿದ್ದರು. ಮಗನ ಹಿಂದೆ ತಂದೆ, ಎರಡನೆಯ ಮದುವೆಯ ಹಿಂದೆ ಮೊದಲನೆಯ ಮದುವೆ. ನಿಮ್ಮ ಎರಡು ಕಟ್ಟಿನಲ್ಲಿ ಮೂರು ಫೋಟೊ ಇದ್ದರೆ ನನಗೇನೂ ಆಶ್ಚರ್ಯವಿಲ್ಲ.

ಫೋಟೊ ಗಾಜಿಗೆ ಅಂಟಿದ್ದರೆ ಮಾತ್ರ ಅಲ್ಲಿಗೇ ಕೈ ನಿಲ್ಲಿಸಿ. ಚಿತ್ರ ಕೂತಿರುವ ಜಿಲೆಟಿನ್ ಪದರವೇ ಗಾಜಿಗೆ ಹತ್ತಿಕೊಂಡಿರುತ್ತದೆ, ಎಳೆದರೆ ಮುಖವೇ ಕಿತ್ತು ಬರುತ್ತದೆ. ಗಾಜಿನ ಮೇಲಿಂದಲೇ ಫೋಟೊ ತೆಗೆದುಕೊಳ್ಳಿ.

ಕಾಲ ಗೊತ್ತುಮಾಡಲು ಮುದ್ರೆಯನ್ನೇ ಓದಿ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ನಿಮ್ಮದು ಅದಕ್ಕಿಂತ ಹಿಂದಿನದು ಎನ್ನಬಹುದು. ಇದಿಷ್ಟೇ ಸಾಲದು. ಪಿನ್ ಕೋಡ್ ಇದ್ದರೆ 1972ರ ಈಚಿನದು. ‘ಮೈಸೂರು ರಾಜ್ಯ’ ಎಂದಿದ್ದರೆ 1956ರಿಂದ 1973ರೊಳಗಿನದು ಎಂದು ಹಿಡಿಯಬಹುದು. ಅದಕ್ಕೂ ಮೊದಲು ನಮ್ಮ ಸೀಮೆ ಮುಂಬಯಿಗೆ ಸೇರಿತ್ತು. ಹಿಂದೆ ಪೆನ್ಸಿಲಿನಲ್ಲಿ ಬರೆದ ದರ ಆಣೆಯಲ್ಲಿದೆಯೋ ನಯೇ ಪೈಸೆಯಲ್ಲಿದೆಯೋ ನೋಡಿ, ನಯೇ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಆಮೇಲೂ ಜನ ಆಣೆಯ ಲೆಕ್ಕ ಬಿಡಲಿಲ್ಲ, ಹಾಗಾಗಿ ಆಣೆ ಕಂಡ ಮಾತ್ರಕ್ಕೆ ಹಳೆಯದೆಂದು ತೀರ್ಮಾನಿಸಬೇಡಿ.

ಇನ್ನು ಜನರನ್ನು ಹುಡುಕುವ ಮಾತು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಇಂಥ ಪೆಟ್ಟಿಗೆಗಳು ಕೈ ತಪ್ಪಿದ್ದನ್ನು ನಾನೇ ಕಂಡಿದ್ದೇನೆ. ಜನ ಈಗ ಮುಳುಗಡೆಯವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರದ ಸೆಕ್ಟರುಗಳಲ್ಲಿ, ಸುತ್ತಲಿನ ಪುನರ್ವಸತಿ ಕೇಂದ್ರಗಳಲ್ಲಿ ಇದ್ದಾರೆ. ಅಲ್ಲಿ ಎಪ್ಪತ್ತು ದಾಟಿದವರ ಹತ್ತಿರ ಕೂತು ‘ಯಾವ ಓಣಿಯವರಿರಿ?’ ಎಂದು ಕೇಳಿ. ಸೆಕ್ಟರ್ ನಂಬರು ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಓಣಿಯ ಹೆಸರು ಬಂದರೆ ಮನೆಮನೆಯ ಸುದ್ದಿ ಹೊರಡುತ್ತದೆ. ಮೂಲ ಫೋಟೊ ಒಯ್ಯಬೇಡಿ, ದೊಡ್ಡದಾಗಿ ಮುದ್ರಿಸಿದ ಪ್ರತಿ ಒಯ್ಯಿರಿ, ಫೋನಿನ ಪರದೆ ಅವರ ಕಣ್ಣಿಗೆ ಸಾಲದು. ಹಳೆಯ ಅಕ್ಕಸಾಲಿಗರಿಗೂ ತೋರಿಸಿ. ಮುಖ ಗುರುತಿಸದವರು ಟೀಕಿ, ಬುಗುಡಿ, ವಂಕಿ ನೋಡಿ ‘ಇದು ಇಂಥವರ ಮನೀದು’ ಎಂದದ್ದುಂಟು. ಮನೆತನದ ಹೆಸರು ಸಿಕ್ಕ ಮೇಲೆ, ಊರೂರು ತಿರುಗಿ ವಂಶಾವಳಿ ಹೇಳುವ ಹೆಳವರನ್ನು ಮರೆಯಬೇಡಿ. ಯಾವ ಕವಲು ಯಾವ ಊರಿಗೆ ಹೋಗಿ ನೆಲೆಸಿತು ಎಂಬುದು ಅವರ ಹೊತ್ತಿಗೆಯಲ್ಲಿರುತ್ತದೆ.

ಮಸುಕಾದ ಮುಖವನ್ನು ‘ಸ್ಪಷ್ಟ’ ಮಾಡಿಕೊಡುವ ಎಐ ಆ್ಯಪುಗಳಿಗೆ ಈ ಫೋಟೊಗಳನ್ನು ದಯವಿಟ್ಟು ಹಾಕಬೇಡಿ. ಅವು ಇಲ್ಲದ ಕಣ್ಣು, ಇಲ್ಲದ ತುಟಿಯನ್ನು ಊಹಿಸಿ ತುಂಬುತ್ತವೆ. ಮಗಳೇ ಬಂದು ನೋಡಿದರೂ ‘ಇವರು ನಮ್ಮವ್ವ ಅಲ್ಲ’ ಎಂದುಬಿಟ್ಟಾರು.

ಕೊನೆಗೆ ವಾಟ್ಸಾಪಿಗೆ ಹಾಕುವುದೇ ಆದರೆ ಎದುರುಬದಿ ಮಾತ್ರ ಹಾಕಿ, ಅದೂ ಎಲ್ಲವನ್ನೂ ಅಲ್ಲ. ಹಿಂದೆ ಬರೆದಿರುವ ಹೆಸರು, ತಾರೀಖು ನಿಮ್ಮಲ್ಲೇ ಇರಲಿ. ‘ನಮ್ಮವೇ’ ಎಂದು ಬಂದವರಿಗೆ ಅದೇ ಪರೀಕ್ಷೆ. ಅವರ ಮನೆಯಲ್ಲಿರುವ, ಅದೇ ವ್ಯಕ್ತಿಯ ಬೇರೊಂದು ಫೋಟೊ ತೋರಿಸಲು ಹೇಳಿ. ಕೊಡುವಾಗ ಆ ಮನೆಯ ಹಿರಿಯರೊಬ್ಬರಿಗೆ ಒಬ್ಬರೇ ಇರುವಾಗ ಮೊದಲು ತೋರಿಸಿ. ಕಟ್ಟಿನ ಹಿಂದಿನಿಂದ ಮೊದಲ ಹೆಂಡತಿಯ ಫೋಟೊ ಬಂದಿದ್ದರೆ, ಅದನ್ನು ಮಕ್ಕಳು ಮೊಮ್ಮಕ್ಕಳ ಎದುರು ಹರವುವುದು ನಿಮ್ಮ ಹಕ್ಕಲ್ಲ.

ಪ್ರಶ್ನೆ: ನನ್ನ ಮುತ್ತಜ್ಜ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರಂತೆ. ಮನೆಯಲ್ಲಿ ಅವರ ಒಂದು ಫೋಟೊವೂ ಉಳಿದಿಲ್ಲ. ಎಲ್ಲಿ ಹುಡುಕಲಿ?
— ಓದುಗ, ಜೆಪ್ಪು, ಮಂಗಳೂರು

ಉತ್ತರ: ನಿಮಗೆ ದಾರಿ ಇದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಮಿಷನರಿಗಳು ಕಾರ್ಖಾನೆ, ಶಾಲೆ, ನೇಯ್ಗೆ ಮನೆ, ಮದುವೆ, ಕುಟುಂಬ ಎಲ್ಲದರ ಫೋಟೊ ತೆಗೆದು ತಮ್ಮ ಊರಿಗೆ ಕಳಿಸುತ್ತಿದ್ದರು. ಅವು ಇಂದಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ‘ಮಿಷನ್ 21’ ಸಂಸ್ಥೆಯ ಪತ್ರಾಗಾರದಲ್ಲಿವೆ. ಸಾವಿರಾರು ಚಿತ್ರಗಳನ್ನು ‘ಬಿಎಂ ಆರ್ಕೈವ್ಸ್’ ಜಾಲತಾಣದಲ್ಲಿ ಮನೆಯಲ್ಲೇ ಕೂತು ನೋಡಬಹುದು. ಊರಿನ ಹೆಸರುಗಳನ್ನು ಹಳೆಯ ಕಾಗುಣಿತದಲ್ಲೂ ಹುಡುಕಿ, ಮಡಿಕೇರಿಗೆ ‘ಮರ್ಕೆರಾ’, ಧಾರವಾಡಕ್ಕೆ ‘ಧಾರ್‌ವಾರ್’ ಎಂಬಂತೆ. ಎಷ್ಟೋ ಚಿತ್ರಗಳ ವಿವರ ಜರ್ಮನ್ ಭಾಷೆಯಲ್ಲಿದೆ, ಫೋನಿನ ಅನುವಾದದಿಂದ ಕೆಲಸ ನಡೆಯುತ್ತದೆ.

ಒಂದು ಕಷ್ಟವನ್ನು ಮೊದಲೇ ಹೇಳುತ್ತೇನೆ. ಉಪದೇಶಿಗಳ ಹೆಸರು ಬರೆದಷ್ಟು ಕೂಲಿಯಾಳುಗಳ ಹೆಸರು ಬರೆದಿಲ್ಲ. ಅಚ್ಚಿನ ಮುಂದೆ ಸಾಲಾಗಿ ನಿಂತವರು ಬರೀ ‘ಕೆಲಸಗಾರರು’. ನನಗೆ ಇದು ಈಗಲೂ ಸಂಕಟ ಕೊಡುತ್ತದೆ. ಹಾಗಾಗಿ ಮೊದಲು ಚರ್ಚಿನ ದೀಕ್ಷಾಸ್ನಾನದ, ಮದುವೆಯ ದಾಖಲೆ ನೋಡಿ ಅವರು ಯಾವ ವರ್ಷಗಳಲ್ಲಿ ಅಲ್ಲಿದ್ದರೆಂದು ತಿಳಿದುಕೊಳ್ಳಿ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲೂ ವಿಚಾರಿಸಿ. ಆಮೇಲೆ ಆ ವರ್ಷಗಳ ಕಾರ್ಖಾನೆ ಚಿತ್ರಗಳನ್ನು ಮುದ್ರಿಸಿ, ನಿಮ್ಮ ಕುಟುಂಬದ ಅತಿ ಹಿರಿಯರ ಮುಂದಿಡಿ. ಮುತ್ತಜ್ಜನನ್ನು ಅವರು ಕಂಡಿರಲಿಕ್ಕಿಲ್ಲ, ಆದರೆ ಅಜ್ಜನನ್ನು ಕಂಡಿರುತ್ತಾರೆ, ಆ ಹೋಲಿಕೆ ಹಿಡಿಯಬಲ್ಲರು. ಹೋಲಿಕೆಯಿಂದಷ್ಟೇ ಗುರುತಿಸಿದ್ದಾದರೆ ಹಿಂದೆ ‘ಇರಬಹುದು’ ಎಂದೇ ಬರೆದಿಡಿ.

ಪ್ರಶ್ನೆ: ಘಟಪ್ರಭಾ ಹೊಳೆಯ ನೀರು ಮನೆಗೆ ನುಗ್ಗಿ ಆಲ್ಬಂ ತೊಯ್ದು ಅಂಟಿಕೊಂಡಿದೆ. ಬಿಸಿಲಿಗೆ ಒಣಗಿಸಬಹುದೇ?
— ಗೃಹಿಣಿ, ಗೋಕಾಕ

ಉತ್ತರ: ಬೇಡ ತಂಗಿ. ಒಣಗಿದರೆ ಒಂದಕ್ಕೊಂದು ಗಟ್ಟಿಯಾಗಿ ಹಿಡಿದುಬಿಡುತ್ತವೆ. ಬುಟ್ಟಿಯಲ್ಲಿ ಸ್ವಚ್ಛ ತಣ್ಣೀರು ತುಂಬಿ, ಹಾಳೆಯನ್ನು ನೀರಿನಲ್ಲೇ ಇಟ್ಟು ಫೋಟೊ ತಾನಾಗಿ ಬಿಡುವವರೆಗೆ ಕಾಯಿರಿ. ಚಿತ್ರದ ಮೇಲೆ ಬೆರಳಿನಿಂದ ಉಜ್ಜಬೇಡಿ, ನೀರಲ್ಲಿ ಅಲುಗಾಡಿಸಿದರೆ ಸಾಕು. ಆಮೇಲೆ ನೆರಳಿನಲ್ಲಿ, ಚಿತ್ರ ಮೇಲಾಗಿ ಹರವಿ, ಇಲ್ಲವೇ ಅಂಚಿಗೆ ಚಿಮಟಿ ಹಾಕಿ ತೂಗುಬಿಡಿ. ಇವತ್ತೇ ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಫ್ರೀಜರಿನಲ್ಲಿಡಿ, ಬೂಸ್ಟು ಬೆಳೆಯುವುದು ನಿಲ್ಲುತ್ತದೆ. ಮನೆಯ ಪ್ರಿಂಟರಿನಲ್ಲಿ ತೆಗೆದವನ್ನು ನೀರಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ಪದರ ಲೋಳೆಯಾಗಿ ಜಾರುತ್ತಿದ್ದರೆ ಮುಟ್ಟದೆ ಮೊದಲು ಫೋಟೊ ಹೊಡೆದುಕೊಳ್ಳಿ.

ಎದೆಗುಂದಬೇಡಿ. ಜಪಾನಿನಲ್ಲಿ 2011ರ ಸುನಾಮಿ ಬಂದಾಗ ಮಿಯಾಗಿ ಪ್ರಾಂತ್ಯದ ಯಾಮಾಮೊತೊ ಎಂಬ ಪುಟ್ಟ ಊರಿನ ಕೆಸರಿನಿಂದ ಆರಿಸಿದ ಸುಮಾರು 7.5 ಲಕ್ಷ ಫೋಟೊಗಳನ್ನು ಸ್ವಯಂಸೇವಕರು ಹೀಗೆಯೇ ನೀರಿನಲ್ಲಿ ತೊಳೆದು, ಪ್ರತಿ ತೆಗೆದು, ಊರವರು ಬಂದು ತಮ್ಮದನ್ನು ಹುಡುಕಿಕೊಳ್ಳುವಂತೆ ಇಟ್ಟರು. ನಿಮ್ಮದು ಒಂದೇ ಆಲ್ಬಂ. ಹೊಳೆದಂಡೆಯಲ್ಲಿ ಬೇರೆಯವರ ಫೋಟೊ ಸಿಕ್ಕಿದ್ದರೆ ಅವನ್ನೂ ಅದೇ ಬುಟ್ಟಿಯಲ್ಲಿ ತೊಳೆದು ಒಣಗಿಸಿ, ಎಲ್ಲಿ ಸಿಕ್ಕಿತೆಂದು ಚೀಟಿ ಬರೆದು ಗ್ರಾಮ ಪಂಚಾಯಿತಿಗೋ ಗುಡಿಗೋ ಕೊಡಿ.

ಪ್ರಶ್ನೆ: ನಮ್ಮ ದೊಡ್ಡಪ್ಪ ಹಳೆಯ ಫೋಟೊಗಳನ್ನು ಯಾರಿಗೂ ಕೊಡುವುದಿಲ್ಲ. ಏನು ಮಾಡಲಿ?
— ಓದುಗ, ಗದಗ

ಉತ್ತರ: ಕೇಳಬೇಡಿ, ಅವರ ಹತ್ತಿರವೇ ಇರಲಿ. ಬೆಳಿಗ್ಗೆ ಹೋಗಿ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಅವರು ಒಬ್ಬೊಬ್ಬರ ಹೆಸರು ಹೇಳುತ್ತಾ ಹೋಗಲಿ, ಫೋನಿನಲ್ಲಿ ರೆಕಾರ್ಡ್ ಆಗುತ್ತಿರಲಿ. ಹಿಂದೆ ಬರೆಯಲು ಒಪ್ಪಿದರೆ ಮೆದು ಪೆನ್ಸಿಲ್ ಕೊಡಿ. ಬಾಲ್ ಪೆನ್ನಿನ ಗೆರೆ ಮುಂಬದಿಗೆ ಒತ್ತಿ ಮೂಡುತ್ತದೆ.