ಪ್ರತಿಕ್ರಿಯೆ: ಹದಿಹರೆಯದವರ ಮೇಲಿನ ವೆಚ್ಚ ತಡವಾದ ವೆಚ್ಚವೇ?

ಬಡ ದೇಶವೊಂದು ತನ್ನ ಸೀಮಿತ ಹಣವನ್ನೆಲ್ಲ ಐದು ವರ್ಷದೊಳಗಿನ ಮಕ್ಕಳಿಗೇ ಮೀಸಲಿಡಬೇಕೇ, ಹದಿಹರೆಯದವರ ಮೇಲೆ ಮಾಡುವ ವೆಚ್ಚ ತಡವಾದದ್ದಲ್ಲವೇ ಎಂದು ಕೇಳಿದ್ದೀರಿ. ಎಳವೆಗೆ ಆದ್ಯತೆ ಇರಬೇಕೆಂಬುದನ್ನು ಒಪ್ಪುತ್ತೇನೆ, ಉಳಿದದ್ದನ್ನು ಒಪ್ಪಲಾರೆ.

ಎಳವೆಯ ಹೂಡಿಕೆಗೆ ಜಮೈಕಾದ ಸಾಕ್ಷ್ಯ ಬಲವಾಗಿದೆ. 1986-87ರಲ್ಲಿ ಅಲ್ಲಿ ಬೆಳವಣಿಗೆ ಕುಂಠಿತಗೊಂಡಿದ್ದ 129 ಕೂಸುಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡು, ಅವರಲ್ಲಿ ಕೆಲವರ ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳ ಕಾಲ ವಾರಕ್ಕೊಮ್ಮೆ ಹೋಗಿ, ಮಗುವಿನೊಡನೆ ಹೇಗೆ ಆಡಬೇಕು, ಮಾತನಾಡಬೇಕು ಎಂಬುದನ್ನು ತಾಯಂದಿರಿಗೆ ತೋರಿಸಿಕೊಟ್ಟರು. ಸುಮಾರು 20 ವರ್ಷಗಳ ನಂತರ ಆ ಮಕ್ಕಳ ಗಳಿಕೆ, ಇಂಥ ಭೇಟಿ ದೊರೆಯದವರಿಗಿಂತ ಶೇ. 25ರಷ್ಟು ಹೆಚ್ಚಾಗಿತ್ತು. ದುಬಾರಿ ಸಲಕರಣೆಗಳಿಲ್ಲದೆ, ಮುಖ್ಯವಾಗಿ ಆಟ ಮತ್ತು ಮಾತಿನಿಂದ ಇಷ್ಟು ಸಾಧ್ಯವಾಯಿತೆಂಬುದು ನನ್ನನ್ನು ಇಂದಿಗೂ ತಟ್ಟುತ್ತದೆ.

ಆದರೆ ಬೆಳವಣಿಗೆ ಐದಕ್ಕೆ ನಿಲ್ಲುವುದಿಲ್ಲ. ಹದಿಹರೆಯದಲ್ಲಿ ದೇಹ ಮತ್ತೊಮ್ಮೆ ವೇಗವಾಗಿ ಬೆಳೆಯುತ್ತದೆ, ಯೋಜನೆ ಮತ್ತು ಸಂಯಮಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಇಪ್ಪತ್ತು ದಾಟಿದ ಮೇಲೂ ಪಕ್ವವಾಗುತ್ತಲೇ ಇರುತ್ತವೆ, ಹುಡುಗಿಯರಲ್ಲಿ ಮುಟ್ಟಿನೊಂದಿಗೆ ಕಬ್ಬಿಣಾಂಶದ ಅಗತ್ಯವೂ ಏರುತ್ತದೆ. ಶಾಲೆ ತಪ್ಪುವುದೂ ಬಾಲ್ಯವಿವಾಹವಾಗುವುದೂ ಬಹುಮಟ್ಟಿಗೆ ಈ ವಯಸ್ಸಿನಲ್ಲೇ. ಇದನ್ನರಿತ ಬಾಂಗ್ಲಾದೇಶ 1994ರಿಂದ ಗ್ರಾಮೀಣ ಪ್ರೌಢಶಾಲಾ ಹುಡುಗಿಯರಿಗೆ ವಿದ್ಯಾರ್ಥಿವೇತನ ನೀಡಿತು. ಹಾಜರಾತಿ ಮತ್ತು ಅಂಕಗಳ ಜೊತೆಗೆ, ಅವಿವಾಹಿತರಾಗಿ ಉಳಿಯುವುದೂ ಅದರ ಷರತ್ತಾಗಿತ್ತು.

ನಿಮ್ಮ ಪ್ರಶ್ನೆಯಲ್ಲಿ ಬಿಟ್ಟುಹೋದ ಕೊಂಡಿಯೂ ಇಲ್ಲಿಯೇ ಇದೆ: ರಕ್ತಹೀನತೆಯಿಂದ ಬಳಲುತ್ತ ಹದಿನಾರರಲ್ಲಿ ತಾಯಿಯಾಗುವ ಹುಡುಗಿಗೆ ಕಡಿಮೆ ತೂಕದ ಕೂಸು ಹುಟ್ಟುವ ಸಂಭವ ಹೆಚ್ಚು, ಮತ್ತು ಆ ಕೂಸಿನ ನಷ್ಟವನ್ನು ತುಂಬಲು ಎಳವೆಯ ಅನುದಾನವನ್ನೇ ಬಳಸಬೇಕಾಗುತ್ತದೆ.