ಮೊದಲು ಬೋನ್‌ಜೂರ್, ಆಮೇಲೆ ಬ್ರೆಡ್

ಓದುಗರ ಪತ್ರ:

ಸಂಪಾದಕರೇ, ನಾವು ದಾವಣಗೆರೆಯವರು. ನಮ್ಮನೆಯವರಿಗೆ ವಿಮಾನದ ಕಂಪನಿಯಲ್ಲಿ ಕೆಲಸ ಸಿಕ್ಕಿ ಫ್ರಾನ್ಸಿನ ತುಲೂಸ್‌ಗೆ ಬಂದೆವು. ನಾಲ್ಕು ವರ್ಷದ ಮಗಳು ಇಲ್ಲಿನ ಶಾಲೆಗೆ ಹೋಗುತ್ತಾಳೆ. ಇಲ್ಲಿಯವರು ಬಿಗುಮಾನದ ಜನ ಅನಿಸುತ್ತದೆ. ಬೇಕರಿಯಲ್ಲಿ ‘ಎಕ್ಸ್‌ಕ್ಯೂಸ್ ಮಿ’ ಎಂದು ಮರ್ಯಾದೆಯಿಂದಲೇ ಬ್ರೆಡ್ ಕೇಳುತ್ತೇನೆ, ಕೊನೆಗೆ ಅವರ ಭಾಷೆಯಲ್ಲೇ ಮೆರ್ಸಿ, ಅಂದರೆ ಥ್ಯಾಂಕ್ಸ್, ಹೇಳುತ್ತೇನೆ. ಆದರೂ ಅಲ್ಲಿನ ಹೆಂಗಸು ಮುಖ ಗಂಟು ಹಾಕಿಕೊಳ್ಳುತ್ತಾಳೆ. ಮಗಳ ಗೆಳತಿಯ ತಾಯಿ ಒಮ್ಮೆ ಕೆನ್ನೆಗೆ ಕೆನ್ನೆ ತಾಗಿಸಲು ಬಂದಾಗ ಗಾಬರಿಯಾಗಿ ಹಿಂದೆ ಸರಿದೆ. ಅಂದಿನಿಂದ ಆಕೆ ದೂರ ದೂರ. ಮಗಳಿಗೆ ವಿಡಿಯೊ ಕಾಲಿನಲ್ಲಿ ‘ಅಜ್ಜನಿಗೆ ನಮಸ್ಕಾರ ಮಾಡು’ ಎಂದರೆ ಗಾಳಿಯಲ್ಲಿ ಒಂದು ಮುತ್ತು ಕೊಟ್ಟು ಓಡಿ ಹೋಗುತ್ತಾಳೆ. ಮಾವನವರಿಗೆ ಬೇಸರ. ಬೇಸಿಗೆಯಲ್ಲಿ ಅತ್ತೆ ಬಂದು ಎರಡೂವರೆ ತಿಂಗಳು ಇದ್ದು ಹೋದರು. ಅವರಿಗೆ ಫ್ರೆಂಚ್ ಒಂದಕ್ಷರ ಬಾರದು. ಆದರೂ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಅವರನ್ನು ನೋಡಿ ನಗುತ್ತಿದ್ದರು. ನನಗೆ ಯಾಕೆ ಹಾಗಾಗುವುದಿಲ್ಲ? ಮಗಳಿಗೆ ಯಾವುದನ್ನು ಕಲಿಸಲಿ, ನಮ್ಮದನ್ನೋ ಅವರದನ್ನೋ?

— ಹೆಸರು ಬೇಡ ಎಂದಿರುವ ಓದುಗರು, ತುಲೂಸ್

ಸಂಪಾದಕರ ಉತ್ತರ:

ಸೋದರಿ, ನಮಸ್ಕಾರ.

ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಅದು ನಿಮ್ಮ ಅತ್ತೆಯವರ ಹತ್ತಿರ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬೇಕರಿಯ ವಿಷಯ ಮುಗಿಸೋಣ. ಏಕೆಂದರೆ ಫ್ರಾನ್ಸಿನಲ್ಲಿ ದಿನವೂ ಕಾಲಿಡಬೇಕಾದ ಜಾಗ ಅದು.

ನೀವು ಮರ್ಯಾದೆ ಬಿಟ್ಟು ಮಾತಾಡಿದವರಲ್ಲ. ಆದರೆ ಫ್ರಾನ್ಸಿನಲ್ಲಿ ಮರ್ಯಾದೆ ಎಲ್ಲಿಂದ ಶುರುವಾಗುತ್ತದೆ ಎಂಬುದು ಬೇರೆ. ಅಲ್ಲಿ ಅಂಗಡಿಯ ಬಾಗಿಲು ದಾಟಿದ ಕೂಡಲೇ ಬೋನ್‌ಜೂರ್, ಅಂದರೆ ಅವರ ನಮಸ್ಕಾರ, ಹೇಳಬೇಕು. ಕೇಳಿಸುವಂತೆ, ಮುಖ ನೋಡಿ. ಆಮೇಲೆ ಬ್ರೆಡ್ಡಿನ ಮಾತು. ‘ಬೋನ್‌ಜೂರ್ ಮದಾಮ್’ ಎಂದರೆ ಇನ್ನೂ ಚೆನ್ನ. ಪ್ಲೀಸ್, ಥ್ಯಾಂಕ್ಸ್ ಎಷ್ಟು ಹೇಳಿದರೂ ಅದರ ಜಾಗ ತುಂಬುವುದಿಲ್ಲ. ಬೋನ್‌ಜೂರ್ ಬಿಟ್ಟು ನೇರ ಕೆಲಸದ ಮಾತಿಗೆ ಬಂದರೆ, ಎದುರಿಗಿದ್ದವರಿಗೆ ‘ನನ್ನನ್ನು ಮನುಷ್ಯಳು ಎಂದು ಲೆಕ್ಕಕ್ಕೇ ಇಟ್ಟಿಲ್ಲ’ ಅನಿಸುತ್ತದೆ. ಆಕೆ ಮುಖ ಗಂಟು ಹಾಕಿದ್ದು ನಿಮ್ಮ ಬಣ್ಣ ನೋಡಿಯೋ ಭಾಷೆ ಕೇಳಿಯೋ ಎಂದು ನೀವು ಒಳಗೊಳಗೇ ಕೊರಗಿರಬಹುದು. ಅಂಥ ಜನ ಎಲ್ಲ ಊರಲ್ಲೂ ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಆ ತೀರ್ಮಾನಕ್ಕೆ ಬರುವ ಮುಂಚೆ ಒಂದು ವಾರ ಬೋನ್‌ಜೂರ್ ಹೇಳಿ ನೋಡಿ.

ಇದು ಅವರಿಗೆ ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ನಿಜವಾದ ಸಂಗತಿ ಹೇಳುತ್ತೇನೆ. 2013ರಲ್ಲಿ ನೀಸ್ ನಗರದ ಒಂದು ಕೆಫೆಯವರು ಹೀಗೊಂದು ಬೋರ್ಡು ಹಾಕಿದ್ದರು. ‘ಒಂದು ಕಾಫಿ’ ಎಂದಷ್ಟೇ ಕೇಳಿದರೆ 7 ಯೂರೊ. ‘ಒಂದು ಕಾಫಿ, ದಯವಿಟ್ಟು’ ಎಂದರೆ 4.25. ‘ಬೋನ್‌ಜೂರ್, ಒಂದು ಕಾಫಿ, ದಯವಿಟ್ಟು’ ಎಂದರೆ 1.40. ಬೋರ್ಡು ತಮಾಷೆಗೆ ಹಾಕಿದ್ದು ನಿಜ. ಆದರೆ ಅದು ದೇಶವಿದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಫ್ರಾನ್ಸಿನವರಿಗೆ ಆ ಬೋರ್ಡಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನ್ನ ತಂಗಿಯ ಸಂಸಾರ ಫ್ರಾನ್ಸಿನ ಲಿಯಾನ್‌ನಲ್ಲಿದೆ. ಅಲ್ಲಿ ಹೋದಾಗ ಬೇಕರಿಯ ಕ್ಯೂನಲ್ಲಿ ನಿಂತು ನಾನು ಗಮನಿಸಿದ್ದು ಇದನ್ನೇ. ಸಾಲು ರಸ್ತೆಯ ತನಕ ಇದ್ದರೂ ಕೌಂಟರಿನಾಕೆ ಒಬ್ಬೊಬ್ಬರಿಗೂ ಹೊಸದಾಗಿ ಬೋನ್‌ಜೂರ್ ಹೇಳುತ್ತಾಳೆ. ಅವರೂ ಹೇಳುತ್ತಾರೆ. ಹೊರಡುವಾಗ ‘ಬೊನ್ ಜೂರ್ನೇ’, ಅಂದರೆ ದಿನ ಚೆನ್ನಾಗಿರಲಿ ಎಂಬ ಹಾರೈಕೆ. ಹಿಂದೆ ನಿಂತವರು ಯಾರೂ ಬೇಗ ಬೇಗ ಎಂದು ಗೊಣಗುವುದಿಲ್ಲ. ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುವ ಕೋಣೆಗೆ ಒಬ್ಬರು ಬಂದರೂ ಅಷ್ಟೇ. ಅಲ್ಲಿ ಕೂತ ಅಪರಿಚಿತರಿಗೆಲ್ಲ ಸೇರಿಸಿ ಒಂದು ಬೋನ್‌ಜೂರ್ ಹೇಳಿಯೇ ಕುರ್ಚಿ ಹುಡುಕುತ್ತಾರೆ. ಬಸ್ಸು ಹತ್ತುವಾಗ ಡ್ರೈವರಿಗೆ, ಲಿಫ್ಟಿನಲ್ಲಿ ಸಿಕ್ಕವರಿಗೆ, ಶಾಲೆಯ ಗೇಟಿನಲ್ಲಿ ಟೀಚರಿಗೆ, ಎಲ್ಲ ಕಡೆ ಇದೇ. ಸಂಜೆಯಾದ ಮೇಲೆ ಬೋನ್‌ಸುವಾರ್. ಒಂದೇ ದಿನ ಅದೇ ಮನುಷ್ಯರು ಮತ್ತೆ ಸಿಕ್ಕರೆ ಮೊದಲ ಸಲದಂತೆಯೇ ಬೋನ್‌ಜೂರ್ ಹೇಳಬಾರದು. ಬೆಳಿಗ್ಗೆ ಸಿಕ್ಕಿದ್ದು ಮರೆತುಬಿಟ್ಟಿರಿ ಅಂದುಕೊಳ್ಳುತ್ತಾರೆ. ಆಗ ‘ರ-ಬೋನ್‌ಜೂರ್’, ಅಂದರೆ ಮತ್ತೊಮ್ಮೆ ನಮಸ್ಕಾರ, ಎಂದು ನಕ್ಕರೆ ಸಾಕು.

ಹಾಗಾದರೆ ನಮಗೆ ಇದು ಯಾಕೆ ತಟ್ಟನೆ ಬರುವುದಿಲ್ಲ? ನಾನು ಯೋಚಿಸಿದ ಮಟ್ಟಿಗೆ ಕಾರಣ ಇದು. ದಾವಣಗೆರೆಯಲ್ಲಿ ಅಂಗಡಿಗೆ ಹೋಗಿ ನಾವು ಯಾರೂ ನಮಸ್ಕಾರ ಹೇಳುವುದಿಲ್ಲ. ‘ಅಣ್ಣಾ, ಅರ್ಧ ಕೆಜಿ ರವೆ ಕೊಡಿ’ ಅನ್ನುತ್ತೇವೆ. ದೋಸೆ ಹೋಟೆಲಿನಲ್ಲಿ ‘ಬೆಣ್ಣೆ ಸ್ವಲ್ಪ ಜಾಸ್ತಿ ಹಾಕಣ್ಣ’ ಅನ್ನುತ್ತೇವೆ. ಹೂ ಮಾರುವವಳು ಅಕ್ಕ, ತರಕಾರಿಯವಳು ಅಮ್ಮ, ವಾಚ್‌ಮನ್ ಅಜ್ಜ. ಆ ‘ಅಣ್ಣಾ’ ಎನ್ನುವ ಒಂದು ಕೂಗಿನಲ್ಲೇ ನಮ್ಮ ವಂದನೆ ಸೇರಿಹೋಗಿದೆ. ಫ್ರಾನ್ಸಿನಲ್ಲಿ ಅಂಗಡಿಯವಳನ್ನು ಅಕ್ಕಾ ಎಂದು ಕರೆಯುವ ದಾರಿಯಿಲ್ಲ. ಹೆಂಗಸಿಗೆ ಮದಾಮ್, ಗಂಡಸಿಗೆ ಮಸ್ಯೋ, ಅಷ್ಟೇ. ನಾವು ಬಂಧುತ್ವದ ಹೆಸರಿನಿಂದ ಮಾಡುವ ಕೆಲಸವನ್ನೆಲ್ಲ ಅಲ್ಲಿ ಬೋನ್‌ಜೂರ್ ಒಂದೇ ಹೊತ್ತುಕೊಂಡಿದೆ. ‘ಎಕ್ಸ್‌ಕ್ಯೂಸ್ ಮಿ’ ಎಂದು ಶುರು ಮಾಡಿದಾಗ ನಿಮ್ಮ ಅಣ್ಣನೂ ಇಲ್ಲ, ಅವರ ಬೋನ್‌ಜೂರೂ ಇಲ್ಲ. ಅವರಿಗೆ ಅದು ಒಣ ಮಾತಾಗಿ ಕೇಳಿಸಿತು.

ಈಗ ನಿಮ್ಮ ಅತ್ತೆಯವರ ವಿಷಯ. ಅವರು ಏನು ಮಾಡುತ್ತಿದ್ದರು ಎಂದು ನೀವು ಬರೆದಿಲ್ಲ, ಆದರೆ ನನಗೆ ಕಣ್ಣಿಗೆ ಕಟ್ಟುತ್ತದೆ. ಲಿಫ್ಟಿನ ಬಾಗಿಲು ತೆರೆದ ಕೂಡಲೇ ಎರಡು ಕೈ ಜೋಡಿಸಿ ನಕ್ಕಿರುತ್ತಾರೆ, ಅಲ್ವಾ? ಮೊದಲು ಅವರೇ ಮುಂದಾಗಿ, ಎಲ್ಲರಿಗೂ, ಮುಖ ನೋಡಿ. ಫ್ರೆಂಚರಿಗೆ ಬೇಕಾದದ್ದು ಅಷ್ಟೇ. ನೀವು ಭಾಷೆಯ ಅಂಜಿಕೆಯಿಂದ ಮೊಬೈಲ್ ನೋಡುತ್ತಾ ನಿಂತಿರಬಹುದು. ಯಾರೂ ತಪ್ಪು ತಿಳಿಯಬಾರದು ಎಂದು ಸುಮ್ಮನಿದ್ದರೆ ಅಲ್ಲಿ ಅದನ್ನೇ ತಪ್ಪು ತಿಳಿಯುತ್ತಾರೆ. ವ್ಯಾಕರಣ ತಪ್ಪಾದರೂ ಚಿಂತೆಯಿಲ್ಲ, ಬಾಯಿ ಬಿಟ್ಟರೆ ಸಾಕು.

ಕೆನ್ನೆಗೆ ಕೆನ್ನೆ ತಾಗಿಸುವ ‘ಬೀಝ್’ ಬಗ್ಗೆ. ತುಟಿ ತಾಗಿಸುವುದಲ್ಲ ಅದು. ಕೆನ್ನೆ ತಾಗಿಸಿ ಮುತ್ತಿನ ಸದ್ದು ಮಾಡುವುದು. ಎಷ್ಟು ಸಲ, ಯಾವ ಕೆನ್ನೆ ಮೊದಲು ಎಂಬುದು ಊರಿಂದ ಊರಿಗೆ ಬೇರೆ. ನಿಮ್ಮ ತುಲೂಸ್‌ನಲ್ಲಿ ಸಾಮಾನ್ಯವಾಗಿ ಎರಡು. ಮೊಂಪೆಲಿಯೆ ಕಡೆ ಮೂರು. ಪಶ್ಚಿಮದ ತುದಿಯ ಬ್ರೆಸ್ತ್‌ನಲ್ಲಿ ಒಂದೇ. ಫ್ರಾನ್ಸಿನವರೇ ಬೇರೆ ಊರಿಗೆ ಹೋದಾಗ ಎಡವುತ್ತಾರೆ. ಅಂಗಡಿಯಲ್ಲಿ, ಕಚೇರಿಯ ಕಿಟಕಿಯಲ್ಲಿ, ಡಾಕ್ಟರ ಹತ್ತಿರ ಇದು ಇಲ್ಲ. ಪರಿಚಯ ಬಲಿತವರ ನಡುವೆ ಮಾತ್ರ. ಅಂದರೆ ಆ ತಾಯಿ ನಿಮ್ಮನ್ನು ಹತ್ತಿರದವರೆಂದು ಎಣಿಸಿದ್ದರು. ಅದನ್ನು ಮರೆಯಬೇಡಿ.

ಹಾಗೆಂದು ನಿಮಗೆ ಇಷ್ಟವಿಲ್ಲದ್ದನ್ನು ಮಾಡಲೇಬೇಕಿಲ್ಲ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. 2020ರ ಕೊರೊನಾ ಕಾಲದಲ್ಲಿ ಅಲ್ಲಿನ ಸರ್ಕಾರವೇ ಕೈಕುಲುಕಬೇಡಿ, ಬೀಝ್ ಬೇಡ ಎಂದಿತ್ತು. ಆಮೇಲೆ ಎಷ್ಟೋ ಮಂದಿ ಅದಕ್ಕೆ ಮರಳಲೇ ಇಲ್ಲ. ‘ನಾನು ಬೀಝ್ ಮಾಡುವುದಿಲ್ಲ’ ಎಂದು ನಗುತ್ತಾ ಹೇಳಿ ಕೈ ಚಾಚಿದರೆ ಯಾರಿಗೂ ನೋವಾಗುವುದಿಲ್ಲ. ಮಾತಿಲ್ಲದೆ ಹಿಂದೆ ಸರಿದರೆ ಮಾತ್ರ ನೋವಾಗುತ್ತದೆ. ಹಾಗಾಗಿ ಗೇಟಿನ ಹತ್ತಿರ ಆಕೆ ಸಿಕ್ಕಾಗ ನೀವೇ ಮುಂದಾಗಿ. ಅವತ್ತು ಗಾಬರಿಯಾಯಿತು, ನಮ್ಮಲ್ಲಿ ಆ ರೂಢಿಯಿಲ್ಲ ಎಂದು ಹೇಳಿ. ಆಮೇಲೆ ಅವರ ಮಗಳನ್ನು ‘ಗೂತೆ’ಗೆ ಕರೆಯಿರಿ. ಶಾಲೆ ಬಿಟ್ಟ ಮೇಲೆ, ನಾಲ್ಕೂವರೆಯ ಹೊತ್ತಿಗೆ, ಮಕ್ಕಳಿಗೆ ಕೊಡುವ ತಿಂಡಿಯೇ ಗೂತೆ. ಸ್ನೇಹ ಬೆಳೆಯುವುದು ಅಲ್ಲೇ. ದೊಡ್ಡವರ ಊಟಕ್ಕೆ ಕರೆಯುವುದು ಅವರಲ್ಲಿ ದೊಡ್ಡ ವಿಷಯ, ಗೂತೆ ಸಲೀಸು. ಮಕ್ಕಳು ಆಡುತ್ತಿರುವಾಗ ತಾಯಂದಿರಿಗೆ ಒಂದು ಕಾಫಿ. ನಿಮ್ಮ ಚಕ್ಕುಲಿಯನ್ನೂ ಇಡಿ, ಆದರೆ ಮಗುವಿಗೆ ಯಾವುದಾದರೂ ಅಲರ್ಜಿ ಇದೆಯೇ ಎಂದು ಮೊದಲು ಕೇಳಿ. ಬುಧವಾರ ಬಹುತೇಕ ಊರುಗಳಲ್ಲಿ ಶಾಲೆ ಇರುವುದಿಲ್ಲ, ಇದ್ದರೂ ಅರ್ಧ ದಿನ. ಅವತ್ತು ಇನ್ನೂ ಅನುಕೂಲ.

‘ತ್ಯು’ ಮತ್ತು ‘ವು’ ನಿಮಗೆ ಕಷ್ಟವಾಗಬಾರದು. ನಮ್ಮ ನೀನು, ನೀವು ಇದ್ದ ಹಾಗೆಯೇ. ಹೊಸಬರಿಗೆಲ್ಲ ವು, ಅವರೇ ತ್ಯು ಎನ್ನೋಣ ಎಂದಾಗ ತ್ಯು. ಆದರೆ ಒಂದು ವ್ಯತ್ಯಾಸ ನಿಮ್ಮ ಮನೆಗೆ ಬಂದು ಮುಟ್ಟುತ್ತದೆ. ಪುಟ್ಟ ಮಕ್ಕಳು ಅಲ್ಲಿ ಟೀಚರಿಗೂ ಅಜ್ಜ ಅಜ್ಜಿಗೂ ತ್ಯು ಎನ್ನುತ್ತಾರೆ. ಅದೇ ಬಾಯಲ್ಲಿ ನಿಮ್ಮ ಮಗಳು ಕನ್ನಡದಲ್ಲೂ ಅಜ್ಜನಿಗೆ ‘ನೀನು’ ಎಂದರೆ ಗದರಬೇಡಿ. ಅವಳೆದುರು ನೀವು ಮಾವನವರ ಜೊತೆ ಮಾತಾಡುತ್ತಾ ಇರಿ. ಕೇಳಿ ಕೇಳಿ ತಾನೇ ‘ನೀವು’ ಬರುತ್ತದೆ.

ಮಗಳ ಗಾಳಿಮುತ್ತಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದರಲ್ಲಿ ಮಾವನವರ ಮನಸ್ಸೂ ಇದೆ. ಅವರಿಗೆ ದಯವಿಟ್ಟು ಇದನ್ನು ತಿಳಿಸಿ. ಫ್ರೆಂಚ್ ಮನೆಗಳಲ್ಲಿ ನೆಂಟರು ಬಂದರೆ ಮಕ್ಕಳು ಆಟ ಬಿಟ್ಟು ಬಂದು ಒಬ್ಬೊಬ್ಬ ಹಿರಿಯರ ಹತ್ತಿರವೂ ಹೋಗಿ ಕೆನ್ನೆ ಕೊಡಬೇಕು. ತಪ್ಪಿಸಿಕೊಂಡರೆ ತಾಯಿ ಬಿಡುವುದಿಲ್ಲ. ‘ಬೋನ್‌ಜೂರ್ ಹೇಳಿದೆಯಾ?’ ಎಂದು ಮತ್ತೆ ಮತ್ತೆ ಕೇಳುತ್ತಾಳೆ. ಈ ವಿಷಯದಲ್ಲಿ ಅವರು ನಮ್ಮ ಅಜ್ಜಿಯರಷ್ಟೇ ಬಿಗಿ. ಹಾಗಾಗಿ ನಿಮ್ಮ ಮಗಳು ಕೊಟ್ಟ ಮುತ್ತು ಉಡಾಫೆಯಲ್ಲ. ಹಿರಿಯರಿಗೆ ಹೇಗೆ ಗೌರವ ಕೊಡಬೇಕೆಂದು ಅವಳು ಸುತ್ತಲೂ ನೋಡಿದ್ದಾಳೋ ಅದನ್ನೇ ಅಜ್ಜನಿಗೆ ಕೊಟ್ಟಿದ್ದಾಳೆ.

ಓಡಿ ಹೋಗುವುದಕ್ಕೆ ಇನ್ನೊಂದು ಕಾರಣ ಗಡಿಯಾರ. ತುಲೂಸ್ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅವಳು ಶಾಲೆಯಿಂದ ಹಸಿದು ಬರುವ ಹೊತ್ತಿಗೆ ದಾವಣಗೆರೆಯಲ್ಲಿ ರಾತ್ರಿ ಎಂಟು, ಒಂಬತ್ತು. ಅಜ್ಜನಿಗೆ ಊಟದ ಹೊತ್ತು, ಮೊಮ್ಮಗಳಿಗೆ ಹಸಿವು. ಅಂಥ ಹೊತ್ತಲ್ಲಿ ಕ್ಯಾಮೆರಾ ಮುಂದೆ ನಿಲ್ಲಿಸಿ ಕೈ ಮುಗಿ ಎಂದರೆ ಯಾವ ಮಗು ನಿಂತೀತು? ಭಾನುವಾರ ನಿಮ್ಮ ಬೆಳಿಗ್ಗೆ ಹತ್ತಕ್ಕೆ ಕಾಲ್ ಮಾಡಿ. ಮತ್ತೆ ನಮಸ್ಕಾರವನ್ನೇ ಹಿಡಿದುಕೊಂಡು ಕೂರಬೇಡಿ. ‘ಅಜ್ಜಾ, ಊಟ ಆಯ್ತಾ? ಏನು ಊಟ?’ ಎಂದು ಕೇಳಲು ಕಲಿಸಿ. ನಮ್ಮ ಮನೆಗಳಲ್ಲಿ ದಿನನಿತ್ಯ ಒಬ್ಬರನ್ನೊಬ್ಬರು ಮಾತಾಡಿಸುವುದು ಹೀಗೇ ತಾನೇ? ಅಜ್ಜ ರೊಟ್ಟಿ, ಪಲ್ಯ ಎಂದು ಹೇಳುತ್ತಾರೆ, ಅವಳು ತನ್ನ ಶಾಲೆಯ ಕ್ಯಾಂಟೀನಿನಲ್ಲಿ ತಿಂದದ್ದು ಹೇಳುತ್ತಾಳೆ. ಮಾತು ಬೆಳೆಯುತ್ತದೆ. ಕೈ ಮುಗಿಯುವುದು ಯುಗಾದಿಗೆ, ಹುಟ್ಟುಹಬ್ಬಕ್ಕೆ, ಊರಿಗೆ ಬಂದಾಗ ಇರಲಿ.

ನಮ್ಮದೋ ಅವರದೋ ಎಂದು ಕೇಳಿದ್ದೀರಿ. ಎರಡೂ. ಫ್ರೆಂಚ್ ಬಗ್ಗೆ ನೀವು ಚಿಂತೆ ಮಾಡಲೇಬೇಡಿ. 2019ರಿಂದ ಅಲ್ಲಿ ಮೂರು ವರ್ಷಕ್ಕೇ ಶಾಲೆ ಕಡ್ಡಾಯ, ವಾರಕ್ಕೆ 24 ಗಂಟೆ ಪಾಠ. ಅದು ತಾನಾಗಿ ಬರುತ್ತದೆ. ಕನ್ನಡ ಮಾತ್ರ ನಿಮ್ಮ ಅಡುಗೆಮನೆ ಬಿಟ್ಟರೆ ಆ ಮಗುವಿಗೆ ಬೇರೆಲ್ಲೂ ಸಿಗುವುದಿಲ್ಲ. ಯಾರಾದರೂ ಮನೆಯಲ್ಲೂ ಫ್ರೆಂಚೇ ಮಾತಾಡಿ ಎಂದರೆ ನಯವಾಗಿ ಕೇಳಿಸಿಕೊಂಡು ಕನ್ನಡವನ್ನೇ ಮಾತಾಡಿ.

ಅಕ್ಕಪಕ್ಕದವರ ಜೊತೆ ಬಳಕೆ ಬೆಳೆಸಲು ವರ್ಷದಲ್ಲಿ ಎರಡು ಒಳ್ಳೆಯ ಸಂದರ್ಭಗಳಿವೆ. ಮೇ ಕೊನೆಯ ಹೊತ್ತಿಗೆ ‘ಫೆತ್ ದೆ ವುವಾಜೆನ್’, ನೆರೆಹೊರೆಯವರ ಹಬ್ಬ. 1999ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾಗಿ ಈಗ ದೇಶದ ತುಂಬ ನಡೆಯುತ್ತದೆ. ಕಟ್ಟಡದ ಅಂಗಳದಲ್ಲಿ ಮೇಜು ಹಾಕಿ ಎಲ್ಲರೂ ಒಂದೊಂದು ತಿಂಡಿ ತರುತ್ತಾರೆ. ಚಿತ್ರಾನ್ನ ಮಾಡಿಕೊಂಡು ಹೋಗಿ, ಹಸಿಮೆಣಸಿನಕಾಯಿ ಕಮ್ಮಿ ಹಾಕಿ. ಇನ್ನೊಂದು ಜನವರಿ. ಹೊಸ ವರ್ಷದ ಶುಭಾಶಯವನ್ನು ಅಲ್ಲಿ ತಿಂಗಳ ಕೊನೆಯ ತನಕ ಹೇಳುವ ರೂಢಿ. ಅದೇ ತಿಂಗಳು ‘ರಾಜರ ಕೇಕ್’ ಕತ್ತರಿಸುತ್ತಾರೆ. ಒಳಗೆ ಒಂದು ಪುಟ್ಟ ಪಿಂಗಾಣಿ ಬೊಂಬೆ ಇರುತ್ತದೆ. ಮನೆಯ ಅತಿ ಚಿಕ್ಕ ಮಗು ಮೇಜಿನ ಕೆಳಗೆ ಕೂತು, ಯಾವ ತುಂಡು ಯಾರಿಗೆ ಎಂದು ಕೂಗಿ ಹೇಳುತ್ತದೆ. ಬೊಂಬೆ ಸಿಕ್ಕವರಿಗೆ ಕಾಗದದ ಕಿರೀಟ. ನಿಮ್ಮ ಮಗಳಿಗೆ ಇದು ಬಹಳ ಇಷ್ಟವಾದೀತು, ಬೊಂಬೆ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಕೇಕಿಗೆ ಮೊಟ್ಟೆ ಹಾಕಿರುತ್ತಾರೆ, ತಿನ್ನುವುದಿಲ್ಲವಾದರೆ ಮೊದಲೇ ಹೇಳಿಬಿಡಿ. ಮತ್ತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರ ತನಕ ಸದ್ದು ಮಾಡಬಾರದೆಂಬ ಕಟ್ಟುನಿಟ್ಟಿದೆ. ದೋಸೆ ಹಿಟ್ಟು ರುಬ್ಬುವ ಕೆಲಸ ಸಂಜೆಯೇ ಮುಗಿಸಿ.

ಮುಂದಿನ ಬೇಸಿಗೆಗೆ ಮಾವನವರನ್ನೂ ಕರೆಸಿಕೊಳ್ಳಿ. ಅವರ ಬೇಸರಕ್ಕೆ ಫೋನಿಗಿಂತ ಅದೇ ಒಳ್ಳೆಯ ಮದ್ದು. ನಿಮ್ಮ ಮನೆಯಲ್ಲಿ ಉಳಿಯುವವರಿಗೆ ವೀಸಾಕ್ಕೆ ನಿಮ್ಮ ಊರಿನ ಪುರಸಭೆಯಿಂದ, ಅಂದರೆ ‘ಮೆರಿ’ಯಿಂದ, ಆತಿಥ್ಯದ ಪತ್ರ ಬೇಕಾಗುತ್ತದೆ ಎಂಬುದು ಅತ್ತೆಯವರನ್ನು ಕರೆಸಿದಾಗಲೇ ನಿಮಗೆ ಗೊತ್ತಾಗಿರುತ್ತದೆ. ಆ ಪತ್ರಕ್ಕೆ ಚಳಿಗಾಲ ಮುಗಿಯುವ ಮುಂಚೆಯೇ ಅರ್ಜಿ ಹಾಕಿ. ಈ ವೀಸಾದಲ್ಲಿ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಜೂನ್ ಕೊನೆಯಲ್ಲಿ ಬಂದರೆ ಮಗಳ ಬೇಸಿಗೆ ರಜೆ ಪೂರ್ತಿ ಅಜ್ಜ ಜೊತೆಗಿರುತ್ತಾರೆ, ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದಾಗ ಅವಳನ್ನು ಗೇಟಿನ ತನಕ ಬಿಟ್ಟುಬರಬಹುದು.

— ಸಂಪಾದಕರು