ಜ್ಯಾಂಗೊ ಕಲಿಕೆ ಎಲ್ಲಿಂದ ಆರಂಭ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪೈಥಾನ್ ಭಾಷೆಯ ಮೊದಲ ಪಾಠಗಳನ್ನು ಮುಗಿಸಿ ವೆಬ್ ತಾಣ ಕಟ್ಟಲು ಬಳಸುವ ಜ್ಯಾಂಗೊ ಫ್ರೇಮ್‌ವರ್ಕ್ (ಸಿದ್ಧ ಚೌಕಟ್ಟು) ಕಲಿಯಲು ಹೊರಟಿದ್ದೇನೆ. ವಿಡಿಯೊದಲ್ಲಿ ತೋರಿಸಿದ್ದನ್ನು ಹಾಗೆಯೇ ಟೈಪ್ ಮಾಡಿದರೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ಆದರೆ ವಿಡಿಯೊ ನಿಲ್ಲಿಸಿ ಸ್ವಂತವಾಗಿ ಒಂದು ಪುಟ ಮಾಡಲು ಕುಳಿತರೆ ಯಾವ ಫೈಲಿನಲ್ಲಿ ಏನು ಬರೆಯಬೇಕು ಎಂಬುದೇ ತೋಚುವುದಿಲ್ಲ. ನಾನು ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮನ್ನು ಕಾಡುತ್ತಿರುವುದು ಪೈಥಾನ್ ಅಲ್ಲ. ಇಲ್ಲಿಯವರೆಗೆ ನೀವು ಬರೆದ ಪ್ರೋಗ್ರಾಮುಗಳು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಮ್ಮ ಹಿಡಿತದಲ್ಲಿದ್ದವು; ಬೇಕಾದಾಗ ಲೈಬ್ರರಿಯನ್ನು ನೀವೇ ಕರೆಯುತ್ತಿದ್ದಿರಿ. ಫ್ರೇಮ್‌ವರ್ಕಿನಲ್ಲಿ ಈ ಸಂಬಂಧ ತಿರುವುಮುರುವಾಗುತ್ತದೆ. ಸದಾ ಓಡುತ್ತಿರುವುದು ಜ್ಯಾಂಗೊ. ಬ್ರೌಸರಿನಿಂದ ಕೋರಿಕೆ ಬಂದಾಗ ನೀವು ಬರೆದ ಫಂಕ್ಷನ್ನನ್ನು ಅದು ಕರೆಯುತ್ತದೆ. ಆದ್ದರಿಂದ ಫೈಲುಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ, ‘ನಾನು ಬರೆದ ಈ ಸಾಲನ್ನು ಯಾರು, ಯಾವಾಗ ಕರೆಯುತ್ತಾರೆ?’ ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಹೋಗುವುದು ಮೇಲು.

ಇದಕ್ಕೆ ವಿಡಿಯೊ ಬೇಡ. ‘ಸ್ಟಾರ್ಟ್‌ಪ್ರಾಜೆಕ್ಟ್’ ಆಜ್ಞೆಯಿಂದ ಹೊಸ ಪ್ರಾಜೆಕ್ಟ್ ಮಾಡಿ, ‘ರನ್‌ಸರ್ವರ್’ ಕೊಟ್ಟು, ಬ್ರೌಸರಿನಲ್ಲಿ 127.0.0.1 ವಿಳಾಸದ 8000ನೇ ಪೋರ್ಟ್ ತೆರೆಯಿರಿ. ರಾಕೆಟ್ ಚಿತ್ರವಿರುವ ಸ್ವಾಗತ ಪುಟ ಕಾಣುತ್ತದೆ. ಈಗ ಯುಆರ್‌ಎಲ್‌ಗಳ ಫೈಲಿನಲ್ಲಿ ‘ನಮಸ್ಕಾರ’ ಎಂಬ ವಿಳಾಸಕ್ಕೆ ಒಂದು ‘ಪಾತ್’ ಸಾಲನ್ನು ಸೇರಿಸಿ, ಅದೇ ಫೈಲಿನಲ್ಲಿ ಒಂದು ವಾಕ್ಯವನ್ನಷ್ಟೇ ‘ಎಚ್‌ಟಿಟಿಪಿ ರೆಸ್ಪಾನ್ಸ್’ (ಬ್ರೌಸರಿಗೆ ಕೊಡುವ ಉತ್ತರ) ಆಗಿ ಹಿಂದಿರುಗಿಸುವ ಫಂಕ್ಷನ್ ಬರೆದು ಅದಕ್ಕೆ ಜೋಡಿಸಿ. ಇಂಥ ಫಂಕ್ಷನ್ನಿಗೆ ಜ್ಯಾಂಗೊದಲ್ಲಿ ‘ವ್ಯೂ’ ಎಂದು ಹೆಸರು. ಆ ವಿಳಾಸಕ್ಕೆ ಹೋದರೆ ನಿಮ್ಮ ವಾಕ್ಯ ಬರುತ್ತದೆ. ಆದರೆ ಮುಖಪುಟಕ್ಕೆ ಮರಳಿದರೆ ರಾಕೆಟ್ ಮಾಯವಾಗಿ 404 (ಪುಟ ಸಿಗಲಿಲ್ಲ) ದೋಷದ ಪುಟ ಎದುರಾಗುತ್ತದೆ. ಇಲ್ಲಿ ಗಾಬರಿಬಿದ್ದು ಹಿಂದೆ ಸರಿಯುವವರೇ ಹೆಚ್ಚು. ನನ್ನ ಮಟ್ಟಿಗೆ ಹೊಸಬರಿಗೆ ಜ್ಯಾಂಗೊ ಕೊಡುವ ಅತ್ಯುತ್ತಮ ಪಾಠವೇ ಈ ತಿಳಿಹಳದಿ ಪುಟ. ಬಂದ ವಿಳಾಸವನ್ನು ಯಾವ ಯಾವ ಸಾಲಿನೊಂದಿಗೆ, ಯಾವ ಕ್ರಮದಲ್ಲಿ ಹೋಲಿಸಿ ನೋಡಿದೆ ಎಂಬುದನ್ನು ಅದು ಒಂದೊಂದಾಗಿ ಬರೆದು ತೋರಿಸುತ್ತದೆ. ನೀವು ಸೇರಿಸಿದ ಸಾಲು ಆ ಪಟ್ಟಿಯಲ್ಲಿರುತ್ತದೆ, ಖಾಲಿ ವಿಳಾಸಕ್ಕೆ ಸರಿಹೊಂದುವ ಸಾಲು ಇರುವುದಿಲ್ಲ. ರಾಕೆಟ್ ಪುಟವಾದರೂ ನೀವು ಏನನ್ನೂ ಬರೆಯದಿದ್ದಾಗ ಮಾತ್ರ ತೋರಿಸುವ ತಾತ್ಕಾಲಿಕ ಏರ್ಪಾಡು.

ಬಳಿಕ ಬೇಕೆಂದೇ ಕೆಡಿಸಿ ನೋಡಿ. ಫಂಕ್ಷನ್ನಿನ ‘ರಿಟರ್ನ್’ ಪದವನ್ನಷ್ಟೇ ಅಳಿಸಿದರೆ, ‘ಈ ವ್ಯೂ ಎಚ್‌ಟಿಟಿಪಿ ರೆಸ್ಪಾನ್ಸ್ ಕೊಡಲಿಲ್ಲ, ನನ್ (None, ಅಂದರೆ ಏನೂ ಇಲ್ಲ) ಎಂದು ಕೊಟ್ಟಿತು’ ಎಂಬರ್ಥದ ದೂರು ಬರುತ್ತದೆ. ಕೋರಿಕೆ ವಿಳಾಸದ ಪಟ್ಟಿಗೆ ಬರುತ್ತದೆ, ಪಟ್ಟಿಯಿಂದ ವ್ಯೂಗೆ ಹೋಗುತ್ತದೆ, ವ್ಯೂ ಉತ್ತರವನ್ನು ಹಿಂದಿರುಗಿಸಲೇಬೇಕು ಎಂಬ ಸರಪಳಿ ಆಗ ಮನಸ್ಸಿಗೆ ನಾಟುತ್ತದೆ. ಟೆಂಪ್ಲೇಟು (ಪುಟದ ಅಚ್ಚು), ಮಾಡೆಲ್ (ಡೇಟಾಬೇಸಿನಲ್ಲಿ ಇಡುವ ಮಾಹಿತಿಯ ವಿವರಣೆ), ಫಾರ್ಮ್ ಎಲ್ಲವೂ ಈ ಸರಪಳಿಯ ನಡುವೆ ಬರುವ ಕೊಂಡಿಗಳೇ. ಎಎಸ್‌ಜಿಐ, ಡಬ್ಲ್ಯುಎಸ್‌ಜಿಐ ಎಂಬ ಫೈಲುಗಳನ್ನು ನಿಜವಾದ ಸರ್ವರಿಗೆ ಏರಿಸುವ ದಿನದವರೆಗೆ ಮುಟ್ಟಬೇಕಿಲ್ಲ.

ಟೆಂಪ್ಲೇಟುಗಳು ಕೈಗೆ ಹತ್ತಿದ ಮೇಲೆ ಮಾಡೆಲ್‌ಗೆ ಬನ್ನಿ. ಯಾರಿಗೆ ಯಾವ ಪುಸ್ತಕ ಕೊಟ್ಟಿದ್ದೀರಿ ಎಂದು ನೆನಪಿಡುವ ಪುಟ್ಟ ಅಪ್ಲಿಕೇಷನ್ ಸಾಕು. ಇಲ್ಲಿ ಎಡವುವ ಜಾಗ ಮೈಗ್ರೇಷನ್. ‘ಮೇಕ್‌ಮೈಗ್ರೇಷನ್ಸ್’ ಡೇಟಾಬೇಸಿನಲ್ಲಿ ಏನು ಬದಲಾಗಬೇಕು ಎಂಬುದನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ‘ಮೈಗ್ರೇಟ್’ ಅದನ್ನು ಜಾರಿಗೆ ತರುತ್ತದೆ. ಕೆಲವು ಪುಸ್ತಕಗಳನ್ನು ಸೇರಿಸಿದ ನಂತರ ಮಾಡೆಲ್‌ಗೆ ‘ಕೊಟ್ಟ ದಿನಾಂಕ’ ಎಂಬ ಹೊಸ ಅಂಕಣವನ್ನು ಕೂಡಿಸಿ ಮತ್ತೆ ‘ಮೇಕ್‌ಮೈಗ್ರೇಷನ್ಸ್’ ಕೊಟ್ಟರೆ, ಜ್ಯಾಂಗೊ ಟರ್ಮಿನಲ್ಲಿನಲ್ಲಿ ನಿಂತು, ಈಗಾಗಲೇ ಇರುವ ಸಾಲುಗಳಿಗೆ ಯಾವ ಮೌಲ್ಯ ತುಂಬಲಿ ಎಂದು ಕೇಳಿ, ಈಗಲೇ ಒಂದು ಮೌಲ್ಯ ಕೊಡುವ ಅಥವಾ ಹೊರಬಂದು ಮಾಡೆಲ್ ತಿದ್ದುವ ಎರಡು ಆಯ್ಕೆಗಳನ್ನು ಮುಂದಿಡುತ್ತದೆ. ಇದು ದೋಷವಲ್ಲ, ನ್ಯಾಯವಾದ ಪ್ರಶ್ನೆ. ಹಳೆಯ ಪುಸ್ತಕಗಳನ್ನು ಕೊಟ್ಟ ದಿನ ನಿಮಗೇ ಗೊತ್ತಿಲ್ಲವೆಂದಾದರೆ ಹೊರಬಂದು ಆ ಅಂಕಣ ಖಾಲಿ ಇರಬಹುದೆಂದು ಬರೆಯುವುದೇ ಸರಿ. ಸುಮ್ಮನೆ ಇಂದಿನ ದಿನಾಂಕ ತುಂಬಿದರೆ ಸುಳ್ಳು ಮಾಹಿತಿ ಶಾಶ್ವತವಾಗಿ ಉಳಿಯುತ್ತದೆ.

ಮಾಡೆಲ್ ಆದ ಕೂಡಲೇ ಅಡ್ಮಿನ್ ಪುಟದಲ್ಲಿ ಅದನ್ನು ನೋಂದಾಯಿಸಿ. ಜ್ಯಾಂಗೊ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ನಗರದ ಪತ್ರಿಕಾ ಕಚೇರಿಯೊಂದರಲ್ಲಿ. 2005ರಲ್ಲಿ ಅದನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಲಾಯಿತು. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಸುದ್ದಿಮನೆಯವರೂ ಮಾಹಿತಿ ತುಂಬುವಂತಿರಬೇಕಾದ ಅಗತ್ಯವೇ ಈ ಸಿದ್ಧ ಅಡ್ಮಿನ್ ಪುಟದ ಹಿಂದಿದೆ. ಅಧಿಕೃತ ದಾಖಲೆಯಲ್ಲಿರುವ ಮತದಾನ ಅಪ್ಲಿಕೇಷನ್ನಿನ ಪಾಠವನ್ನು ಇಷ್ಟಾದ ಮೇಲೆ ಓದಿದರೆ ಪ್ರತಿ ಸಾಲೂ ಅರ್ಥವಾಗುತ್ತದೆ. ರಿಯಾಕ್ಟ್, ಡಾಕರ್, ಎಪಿಐಗಳ ಮಾತು ಸದ್ಯಕ್ಕೆ ಬೇಡ.

ಪ್ರಶ್ನೆ: ಹಳೆಯ ಪಾಠವೊಂದರಲ್ಲಿದ್ದಂತೆ ‘ಯುಆರ್‌ಎಲ್’ ಫಂಕ್ಷನ್ನನ್ನು ಇಂಪೋರ್ಟ್ ಮಾಡಿದರೆ ದೋಷ ಬರುತ್ತದೆ. ಟೈಪ್ ಮಾಡುವುದರಲ್ಲಿ ತಪ್ಪಿಲ್ಲ. ಕಾರಣವೇನು?

ಉತ್ತರ: ಪಾಠದ ಆವೃತ್ತಿಯೇ ಬೇರೆ, ನಿಮ್ಮ ಯಂತ್ರದಲ್ಲಿರುವುದೇ ಬೇರೆ. 2017ರ ಡಿಸೆಂಬರಿನಲ್ಲಿ ಬಂದ 2.0 ಆವೃತ್ತಿ ‘ಪಾತ್’ ಎಂಬ ಸರಳ ವಿಧಾನವನ್ನು ತಂದಿತು; 2021ರ ಡಿಸೆಂಬರಿನ 4.0ರಲ್ಲಿ ಹಳೆಯ ‘ಯುಆರ್‌ಎಲ್’ ಫಂಕ್ಷನ್ನನ್ನು ತೆಗೆದುಹಾಕಲಾಯಿತು. ಯಾವುದೇ ಪಾಠ ತೆರೆದಾಗ ಮೊದಲು ಅದು ಯಾವ ಆವೃತ್ತಿಯದೆಂದು ನೋಡಿ. ಹಾಗೆಯೇ ಪ್ರತಿ ಪ್ರಾಜೆಕ್ಟಿಗೂ ಪೈಥಾನಿನ ‘ವಿ-ಎನ್ವ್’ ಬಳಸಿ ಪ್ರತ್ಯೇಕ ಆವರಣ ಮಾಡಿಕೊಂಡರೆ, ಒಂದಕ್ಕಾಗಿ ಹಾಕಿದ ಆವೃತ್ತಿ ಇನ್ನೊಂದನ್ನು ಕೆಡಿಸುವುದಿಲ್ಲ.

ಪ್ರಶ್ನೆ: ಮೊದಲು ಪೈಥಾನಿನ ಇನ್ನೊಂದು ವೆಬ್ ಫ್ರೇಮ್‌ವರ್ಕ್ ಆದ ಫ್ಲಾಸ್ಕ್ ಕಲಿತು ನಂತರ ಜ್ಯಾಂಗೊಗೆ ಬರುವುದು ಒಳ್ಳೆಯದೇ?

ಉತ್ತರ: ಕಡ್ಡಾಯವಲ್ಲ. ಫ್ಲಾಸ್ಕ್ ಚಿಕ್ಕದು, ಡೇಟಾಬೇಸ್, ಲಾಗಿನ್ ಮುಂತಾದವನ್ನು ನೀವೇ ಆರಿಸಿ ಜೋಡಿಸಬೇಕು. ಜ್ಯಾಂಗೊದಲ್ಲಿ ಅವು ಜೊತೆಯಲ್ಲೇ ಬರುತ್ತವೆ. ಕೈಯಲ್ಲಿರುವುದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಪ್ರಶ್ನೆ: ನನ್ನ ಫಾರ್ಮ್ ಸರಿಯಾಗಿ ಕಾಣುತ್ತದೆ, ಆದರೆ ಸಲ್ಲಿಸಿದಾಗ 403 (ಅನುಮತಿ ಇಲ್ಲ) ದೋಷ ಬರುತ್ತದೆ. ಸಿಎಸ್‌ಆರ್‌ಎಫ್ ತಪಾಸಣೆಯನ್ನೇ ತೆಗೆದುಹಾಕುವಂತೆ ಗೆಳೆಯರು ಹೇಳಿದರು. ಸರಿಯೇ?

ಉತ್ತರ: ಖಂಡಿತ ಬೇಡ. ನೀವು ಒಂದು ತಾಣದಲ್ಲಿ ಲಾಗಿನ್ ಆಗಿರುವಾಗ, ಬೇರೊಂದು ತಾಣ ನಿಮಗರಿವಿಲ್ಲದೆ ನಿಮ್ಮ ಬ್ರೌಸರಿನ ಮೂಲಕ ಅಲ್ಲಿಗೆ ಫಾರ್ಮ್ ಕಳುಹಿಸಬಲ್ಲದು. ಈ ಮೋಸಕ್ಕೇ ಸಿಎಸ್‌ಆರ್‌ಎಫ್ ಎಂದು ಹೆಸರು. ನಿಮ್ಮ ಲಾಗಿನ್ ಗುರುತಿನ ಕುಕಿಯೂ ಜೊತೆಗೆ ಹೋದರೆ ಸರ್ವರಿಗೆ ಅದು ನೀವೇ ಕಳುಹಿಸಿದಂತೆ ಕಾಣುತ್ತದೆ. ಅದನ್ನು ತಡೆಯಲು ಜ್ಯಾಂಗೊ ಪುಟದೊಂದಿಗೆ ಒಂದು ಗುಪ್ತ ಟೋಕನ್ ಕಳುಹಿಸಿ, ಸಲ್ಲಿಸುವಾಗ ಅದು ಮರಳಿ ಬಂದಿದೆಯೇ ಎಂದು ಪರಿಶೀಲಿಸುತ್ತದೆ. ನಿಮ್ಮ ಟೆಂಪ್ಲೇಟಿನ ಫಾರ್ಮ್ ಟ್ಯಾಗಿನ ಒಳಗೆ ‘ಸಿಎಸ್‌ಆರ್‌ಎಫ್ ಟೋಕನ್’ ಟ್ಯಾಗನ್ನು ಬರೆದಿಲ್ಲವೆಂದು ತೋರುತ್ತದೆ. ಅದೊಂದು ಸಾಲನ್ನು ಸೇರಿಸಿ, ಪುಟವನ್ನು ಮತ್ತೆ ಲೋಡ್ ಮಾಡಿ ಸಲ್ಲಿಸಿ. ಆಗಲೂ 403 ಬಂದರೆ ಬ್ರೌಸರಿನಲ್ಲಿ ಕುಕಿಗಳನ್ನು ತಡೆಹಿಡಿಯಲಾಗಿದೆಯೇ ಎಂದು ನೋಡಿ.